ಮನೆಯ ಡಿಶ್ ಛತ್ರಿಗೆ ಯಾವ ಟ್ಯೂನರ್, ಯಾವ ಸಾಫ್ಟ್‌ವೇರ್? ಮಾಳಿಗೆಯಿಂದ ಶುರು ಮಾಡೋಣ

ನಾನು ಮೊದಲ ಸಲ ಕೊಂಡ ಟಿವಿ ಟ್ಯೂನರ್, ಅಂದರೆ ಟಿವಿ ಸಿಗ್ನಲ್ ಹಿಡಿದು ಕಂಪ್ಯೂಟರ್‌ಗೆ ಕೊಡುವ ಸಾಧನ, ಇವತ್ತಿಗೂ ಕಪಾಟಿನಲ್ಲಿ ಡಬ್ಬಿ ಸಮೇತ ಬಿದ್ದಿದೆ. ಆನ್‌ಲೈನ್‌ನಲ್ಲಿ ‘ಡಿಜಿಟಲ್ ಟಿವಿ ಸ್ಟಿಕ್’ ಅಂತ ಹಾಕಿದ್ದರು, ಅಗ್ಗ ಇತ್ತು, ತರಿಸಿಬಿಟ್ಟೆ. ಬಂದ ಮೇಲೆ ನೋಡಿದರೆ ಡಿಶ್‌ನ ವೈರ್ ತಿರುಗಿಸಿ ಹಾಕುವ ಚೂಡಿ ಇರುವ ಮೂತಿಯೇ ಅದಕ್ಕೆ ಇಲ್ಲ. ಅದು ಡಿವಿಬಿ-ಟಿ, ಅಂದರೆ ನೆಲದ ಮೇಲಿನ ಟವರ್‌ನಿಂದ ಬರುವ ಸಿಗ್ನಲ್ ಹಿಡಿಯುವ ಸ್ಟಿಕ್. ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳು 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಬಂದ್ ಆಗಿವೆ, ನೆಲದ ಡಿಜಿಟಲ್ ಪ್ರಸಾರ ಕೆಲವೇ ದೊಡ್ಡ ಊರುಗಳಿಗೆ ಸೀಮಿತ. ನಮ್ಮ ಕಲಬುರಗಿಯಲ್ಲಿ ಆ ಸ್ಟಿಕ್‌ಗೆ ಹಿಡಿಯೋಕೆ ಏನೂ ಇಲ್ಲ.

ಹಾಗಾಗಿ ಈ ಬರಹ. ಡಿಶ್ ಸಿಗ್ನಲ್ಲನ್ನು ಸೆಟ್‌ಟಾಪ್ ಬಾಕ್ಸ್ ಬದಲು ನಮ್ಮದೇ ಕಂಪ್ಯೂಟರ್‌ಗೆ ತಂದು, ಮನೆಯ ಎಲ್ಲ ಟಿವಿ, ಫೋನ್‌ಗಳಲ್ಲಿ ನೋಡುವುದು, ಬೇಕಾದಾಗ ರೆಕಾರ್ಡ್ ಮಾಡಿಕೊಳ್ಳುವುದು ಹೇಗೆ ಅಂತ. ಜನ ಇದನ್ನು ಟ್ಯೂನರ್‌ನಿಂದ ಶುರು ಮಾಡ್ತಾರೆ, ನಾನೂ ಹಾಗೇ ಮಾಡಿ ಕೆಟ್ಟೆ. ಮಾಳಿಗೆಯಿಂದ ಶುರು ಮಾಡಿ, ವೈರ್ ಹಿಡಿದುಕೊಂಡು ಕೆಳಗೆ ಬನ್ನಿ, ದುಡ್ಡನ್ನೂ ಅದೇ ಕ್ರಮದಲ್ಲಿ ಖರ್ಚು ಮಾಡಿ.

ಏನು ನೋಡಬೇಕು ಅನ್ನೋದು ಮೊದಲು

ಸ್ವಂತ ಟ್ಯೂನರ್‌ನಲ್ಲಿ ಬರುವುದು ಬೀಗ ಹಾಕದ ಚಾನೆಲ್‌ಗಳು ಮಾತ್ರ. ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ, ಸನ್ ಡೈರೆಕ್ಟ್ ಇವೆಲ್ಲ ತಮ್ಮ ಸಿಗ್ನಲ್‌ಗೆ ಬೀಗ ಹಾಕಿ ಕಳಿಸುತ್ತವೆ, ಆ ಬೀಗದ ಕೈ ಅವರ ಬಾಕ್ಸ್‌ನಲ್ಲೇ ಇರುತ್ತದೆ. ಮನೆಯಲ್ಲಿ ಸಂಜೆ ಏಳರ ಮೇಲೆ ಧಾರಾವಾಹಿ ತಪ್ಪಬಾರದು ಅನ್ನುವವರು ಇದ್ದರೆ ಆ ಬಾಕ್ಸ್ ಕಿತ್ತು ಹಾಕಬೇಡಿ, ಮನೆಯಲ್ಲಿ ಊಟ ಸಿಗಲ್ಲ. ಇಂಟರ್ನೆಟ್‌ನಲ್ಲಿ ಯಾರದೋ ಕಾರ್ಡ್‌ನ ಕೀ ಹಂಚಿಕೊಂಡು ಪೇ ಚಾನೆಲ್ ನೋಡುವ ದಾರಿಯನ್ನು ಹೇಳಿಕೊಡುವವರು ಸಿಗ್ತಾರೆ. ಅದು ಕಾನೂನುಬಾಹಿರ, ಮೇಲಾಗಿ ದಿನ ಬಿಟ್ಟು ದಿನ ಕೈಕೊಡುತ್ತದೆ. ಬೇಡ.

ಉಳಿಯುವುದು ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ ಶುರುವಾದದ್ದು ಇದೇ. ತಿಂಗಳ ಬಾಡಿಗೆ ಇಲ್ಲ. ಕನ್ನಡಕ್ಕೆ ಡಿಡಿ ಚಂದನ ಇದೆ, ಜೊತೆಗೆ ಹಿಂದಿ ಸುದ್ದಿ, ಸಿನಿಮಾ, ಹಾಡು, ಆಕಾಶವಾಣಿ ರೇಡಿಯೋ. ಇದರಲ್ಲೂ ಒಂದು ತಿರುವು ಇದೆ: ಎಂಪೆಗ್-4 ಅನ್ನೋ ಹೊಸ ವಿಡಿಯೋ ಬಗೆಯಲ್ಲಿ ಬರುವ ಕೆಲವು ಚಾನೆಲ್‌ಗಳಿಗೆ ಐಕ್ಯಾಸ್ ಅನ್ನೋ ಬೀಗ ಹಾಕಿರಬಹುದು, ಹಾಕಿದ್ದರೆ ಅವಕ್ಕೆ ಅಧಿಕೃತ ಬಾಕ್ಸೇ ಬೇಕು. ನಿಮಗೆ ಬೇಕಾದ ಚಾನೆಲ್ ಅಂಥದ್ದಾ ಅಂತ ಪಕ್ಕದ ಮನೆಯ ಸಾದಾ ಬಾಕ್ಸ್‌ನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಒಂದೇ ಟಿವಿ, ರೆಕಾರ್ಡಿಂಗ್ ಬೇಡ ಅಂದರೆ ಇಲ್ಲಿಗೇ ಓದೋದು ನಿಲ್ಲಿಸಿ, ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರ್ ಕಡೆ ಹೋಗಿ ಸಾದಾ ಫ್ರೀ ಡಿಶ್ ಸೆಟ್ ತಂದು ಹಾಕಿಸಿಬಿಡಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೂ ಮೊದಲು ನಿಮ್ಮ ಟಿವಿಯ ಬೆನ್ನು ಒಮ್ಮೆ ನೋಡಿ. ಈಚಿನ ಎಷ್ಟೋ ಟಿವಿಗಳಲ್ಲಿ ಸ್ಯಾಟಲೈಟ್ ಟ್ಯೂನರ್ ಒಳಗೇ ಇರುತ್ತದೆ. ಚೂಡಿ ಇರುವ ಮೂತಿ, ಪಕ್ಕದಲ್ಲಿ ‘ಸ್ಯಾಟ್’ ಅಥವಾ ‘ಎಲ್‌ಎನ್‌ಬಿ’ ಅಂತ ಬರೆದಿದ್ದರೆ ಡಿಶ್ ವೈರ್ ನೇರ ಅದಕ್ಕೇ ಹಾಕಬಹುದು. ಹೀಗೆ ಟ್ಯೂನರ್ ಒಳಗಿರುವ ಟಿವಿಗಳಿಗೆ ಅಂತಲೇ ಭಾರತೀಯ ಮಾನಕ ಬ್ಯೂರೋದ ಐಎಸ್ 18112:2022 ಅನ್ನೋ ಮಾನಕ ಇದೆ. ಹೊಸ ಟಿವಿ ಕೊಳ್ಳುವವರು ಅಂಗಡಿಯಲ್ಲೇ ತಿರುಗಿಸಿ ನೋಡಿ, ಅಂಗಡಿಯವರು ತಾವಾಗಿ ಹೇಳಲ್ಲ.

ಆಗ್ನೇಯ ಮೂಲೆ

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಕಲಬುರಗಿಯಿಂದ ಲೆಕ್ಕ ಹಾಕಿದರೆ ದಿಕ್ಕು ಉತ್ತರದಿಂದ ಬಲಕ್ಕೆ 135 ಡಿಗ್ರಿ. ಅಂದರೆ ಏನು? ಸರಿಯಾಗಿ ಆಗ್ನೇಯ! ಮನೆ ಕಟ್ಟುವಾಗ ವಾಸ್ತು ಅಂತ ಅಡುಗೆಮನೆಗೆ ಬಿಡುವ ಮೂಲೆ ಇದೆಯಲ್ಲ, ಅದೇ. ಯಾದಗಿರಿಯವರಿಗೂ ಇದೇ ದಿಕ್ಕು, ಬೀದರ್‌ನವರು ಎರಡು ಡಿಗ್ರಿ ದಕ್ಷಿಣದ ಕಡೆ ಸರಿಸಿ. ಫೋನಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಪೈಪು, ನೀರಿನ ಮೋಟರಿನ ಹತ್ತಿರ ನಿಂತು ನೋಡಬೇಡಿ, ಮುಳ್ಳು ಎಲ್ಲೆಲ್ಲೋ ತೋರಿಸುತ್ತದೆ. ನಮ್ಮ ಮನೆಯಲ್ಲಿ ನೀರಿನ ಟ್ಯಾಂಕನ್ನು ಅಪ್ಪ ವಾಸ್ತು ನೋಡಿ ನೈಋತ್ಯಕ್ಕೆ ಇಡಿಸಿದ್ದರು. ಆವಾಗ ನಾನು ನಕ್ಕಿದ್ದೆ. ಈಗ ಡಿಶ್‌ಗೆ ಅಡ್ಡ ಇಲ್ಲ.

ಎತ್ತರದ ಕೋನ ಸುಮಾರು 62 ಡಿಗ್ರಿ, ಮೂರೂ ಜಿಲ್ಲೆಗಳಲ್ಲಿ ಒಂದು ಡಿಗ್ರಿಯಷ್ಟೂ ವ್ಯತ್ಯಾಸ ಬರಲ್ಲ. ಇದು ಸಾಕಷ್ಟು ಮೇಲೆ. ಹಾಗಾಗಿ ಒಂದು ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಎತ್ತರದ ಗೋಡೆ ಇದ್ದರೂ ಸಿಗ್ನಲ್ ಅದರ ಮೇಲಿಂದ ದಾಟಿ ಬರುತ್ತದೆ. ಆದರೆ ಛತ್ರಿ ನೋಡಿದರೆ ಅಷ್ಟು ಮೇಲೆ ಮುಖ ಮಾಡಿದ ಹಾಗೆ ಕಾಣಲ್ಲ. ಯಾಕೆಂದರೆ ನಮ್ಮ ಮನೆಗಳ ಚಿಕ್ಕ ಡಿಶ್‌ಗಳು ಆಫ್‌ಸೆಟ್ ಬಗೆಯವು, ಎಲ್‌ಎನ್‌ಬಿ, ಅಂದರೆ ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಚಿಕ್ಕ ಡಬ್ಬಿ, ನಡುವೆ ಇರದೆ ಕೆಳಗಿನಿಂದ ನೋಡುತ್ತದೆ, ಹಾಗಾಗಿ ಡಿಶ್ ತನ್ನ ಮುಖಕ್ಕಿಂತ ಸುಮಾರು 25 ಡಿಗ್ರಿ ಮೇಲಿನದ್ದನ್ನು ಹಿಡಿಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಛತ್ರಿಯನ್ನು ಆಕಾಶಕ್ಕೆ ಅಂಗಾತ ಮಲಗಿಸಿ, ಸಿಗ್ನಲ್ ಬರಲಿಲ್ಲ ಅಂತ ಬೈಕೊಂಡು ಕೂತಿರ್ತಾರೆ.

ಅಡ್ಡ ಏನಾದರೂ ಇದೆಯಾ ಅಂತ ನೋಡೋಕೆ ಒಂದು ಪುಕ್ಕಟೆ ಉಪಾಯ. ಮಾರ್ಚ್ ಎರಡನೇ ವಾರ ಮತ್ತು ಅಕ್ಟೋಬರ್ ಶುರುವಿನ ದಿನಗಳಲ್ಲಿ ಬೆಳಗ್ಗೆ 11ರ ಆಸುಪಾಸು ಸೂರ್ಯ ಬಂದು ನಿಲ್ಲುವ ಜಾಗವೇ ಈ ಉಪಗ್ರಹದ ಜಾಗ. ಆ ಹೊತ್ತಿಗೆ ಡಿಶ್ ಇಡುವ ಜಾಗದಲ್ಲಿ ಪೂರ್ತಿ ಬಿಸಿಲಿದ್ದರೆ ದಾರಿ ಸಾಫ್. ಬೇವಿನ ಗಿಡದ ನೆರಳು ಬಿದ್ದಿದ್ದರೆ ಜಾಗ ಬದಲಿಸಿ, ಎಲೆ ಒದ್ದೆಯಾದಾಗ ಸಿಗ್ನಲ್ ಹೋಗೇ ಹೋಗುತ್ತದೆ. ಮುಂದೆ ಟಿವಿ ಹಾಕಿದ ಮೇಲೆ ಅದೇ ದಿನಗಳಲ್ಲಿ, ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆದುಹೋದರೆ ಗಾಬರಿ ಆಗಬೇಡಿ. ಉಪಗ್ರಹದ ಬೆನ್ನಿಗೇ ಸೂರ್ಯ ನಿಂತು ಗದ್ದಲ ಮಾಡ್ತಿರ್ತಾನೆ, ತಾನೇ ಸರಿಹೋಗುತ್ತದೆ.

ಡಿಶ್ ಎಷ್ಟು ದೊಡ್ಡದು? 60 ಸೆಂಟಿಮೀಟರ್ ಸಾಕಾಗುತ್ತದೆ. ಆದರೆ ಮಳೆಗಾಲದಲ್ಲಿ ದಪ್ಪ ಮೋಡ ಬಂದಾಗ ಡಿಶ್ ಸಿಗ್ನಲ್ ಕುಸಿಯುತ್ತದೆ, ಆಗ 75 ಅಥವಾ 90 ಇದ್ದವರು ಇನ್ನೂ ನೋಡ್ತಾ ಇರ್ತಾರೆ. ನಾನಾದರೆ ಟ್ಯೂನರ್‌ನಲ್ಲಿ ಉಳಿಸಿ ಡಿಶ್‌ಗೆ ಹಾಕ್ತೀನಿ. ಹಳೆಯ ಡಿಟಿಎಚ್ ಛತ್ರಿ ಮಾಳಿಗೆ ಮೇಲೆ ಖಾಲಿ ಬಿದ್ದಿದ್ದರೆ ಅದನ್ನೇ ಬಳಸಿ, ತುಕ್ಕು ಹಿಡಿದು ಸೊಟ್ಟಗಾಗಿರಬಾರದು ಅಷ್ಟೇ.

ಕೂಡಿಸುವಾಗ ಒಂದು ಎಚ್ಚರ. ನಮ್ಮ ಕಡೆ ಹಳೆಯ ಮಾಳಿಗೆಗಳ ಮೇಲೆ, ಪ್ಯಾರಾಪೆಟ್ ಮೇಲೆ ಶಹಾಬಾದ್ ಫರ್ಸಿ ಹಾಸಿರ್ತಾರೆ. ಅದಕ್ಕೆ ಡ್ರಿಲ್ ಇಟ್ಟು ಫಾಸ್ಟನರ್ ಬಿಗಿದರೆ ಪದರ ಪದರವಾಗಿ ಸೀಳುತ್ತದೆ. ನಮ್ಮನೆಯಲ್ಲಿ ಹಾಗೇ ಆಯ್ತು, ಗಾಳಿಗೆ ಛತ್ರಿ ಸಮೇತ ಫರ್ಸಿಯ ತುಂಡು ಎದ್ದು ಬಂತು. ಆಮೇಲೆ ಹಳೆಯ ತಗಡಿನ ಡಬ್ಬಿಯಲ್ಲಿ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿ, ಮಟ್ಟಗೋಲು ಇಟ್ಟು ಪೈಪ್ ನೆಟ್ಟಗೆ ಮಾಡಿದೆ. ಪೈಪ್ ನೆಟ್ಟಗಿರದಿದ್ದರೆ ಮೇಲೆ ಹೇಳಿದ ಯಾವ ಕೋನವೂ ಕೆಲಸಕ್ಕೆ ಬರಲ್ಲ.

ಈಗ ಎಲ್‌ಎನ್‌ಬಿ. ಅಂಗಡಿಯಲ್ಲಿ ‘ಯೂನಿವರ್ಸಲ್’ ಅಂತ ಕೇಳಿ, ಮೈಮೇಲೆ 9750/10600 ಅಂತ ಇರಬೇಕು. ಆ ಅಂಕಿಯ ಅರ್ಥ ಸರಳ. ಉಪಗ್ರಹ 11090 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ ಅಂದುಕೊಳ್ಳಿ, ಅಷ್ಟು ಮೇಲಿನದ್ದು ವೈರ್‌ನಲ್ಲಿ ಓಡಲ್ಲ. ಎಲ್‌ಎನ್‌ಬಿ ಅದರಿಂದ 9750 ಕಳೆದು 1340 ಮಾಡಿ ವೈರ್‌ಗೆ ಇಳಿಸುತ್ತದೆ. ಸಾಫ್ಟ್‌ವೇರ್‌ಗೆ ನೀವು ಈ ಅಂಕಿ ತಪ್ಪು ಹೇಳಿದರೆ ಅದು ಇಲ್ಲದ ಜಾಗದಲ್ಲಿ ಹುಡುಕ್ತಾ ಕೂರುತ್ತದೆ. ಎರಡು ಟ್ಯೂನರ್ ಹಾಕೋ ಆಸೆ ಇದ್ದರೆ ಈಗಲೇ ಎರಡು ಮೂತಿಯ ಟ್ವಿನ್ ಎಲ್‌ಎನ್‌ಬಿ ತಗೊಳ್ಳಿ, ಬೆಲೆಯಲ್ಲಿ ಭಾರಿ ವ್ಯತ್ಯಾಸ ಇಲ್ಲ.

ಎಲ್‌ಎನ್‌ಬಿಯನ್ನು ನೆಟ್ಟಗೆ ಹಾಕಬಾರದು, ತಿರುಗಿಸಿ ಹಾಕಬೇಕು. ಡಿಶ್‌ನ ಬೆನ್ನ ಹಿಂದೆ ನಿಂತು ಆಗ್ನೇಯಕ್ಕೆ ಮುಖ ಮಾಡಿ. ವೈರ್ ಸಿಕ್ಕಿಸುವ ಮೂತಿ ನೇರ ಕೆಳಗಿದ್ದರೆ ಗಡಿಯಾರದ ಆರು ಗಂಟೆ ಅಂದುಕೊಳ್ಳಿ, ಅಲ್ಲಿಂದ ನಾಲ್ಕೂವರೆಗೆ ತನ್ನಿ. ಲೆಕ್ಕದ ಪ್ರಕಾರ 43 ಡಿಗ್ರಿ ಬರುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಆಚೀಚೆ ಮಾಡ್ತಾ ಸಿಗ್ನಲ್ ಮೀಟರ್ ನೋಡಿ. ಮೀಟರ್‌ನಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಅಂದರೆ ಎಲ್‌ಎನ್‌ಬಿಗೆ ಕರೆಂಟ್ ಹೋಗ್ತಿದೆ, ಏನೋ ಬರ್ತಿದೆ ಅಂತ ಅಷ್ಟೇ. ಗೋಡೆಗೆ ಮುಖ ಮಾಡಿಟ್ಟರೂ ಅದು ಏರುತ್ತದೆ. ಕ್ವಾಲಿಟಿ ಪಟ್ಟಿ ಎದ್ದರೆ ಮಾತ್ರ ಉಪಗ್ರಹ ಸಿಕ್ಕಿತು. ನಟ್ ಬಿಗಿಯುವಾಗ ಡಿಶ್ ಕೊಂಚ ಜರುಗಿಯೇ ಜರುಗುತ್ತದೆ, ಅದಕ್ಕೆ ಒಬ್ಬರು ಪಾನಾ ಹಿಡಿದು, ಇನ್ನೊಬ್ಬರು ಮೀಟರ್ ನೋಡ್ತಾ, ನಾಲ್ಕೂ ನಟ್‌ಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಇಲ್ಲೊಂದು ಮಾತು, ವಿಷಯಕ್ಕೆ ಹೊರಗಿನದ್ದು. ಆಕಾಶದಿಂದ ನೇರ ಟಿವಿ ಹಿಡಿಯೋದು ನಮ್ಮ ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಅನ್ನೋ ಉಪಗ್ರಹ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಕಾರ್ಯಕ್ರಮ ಬರ್ತಿತ್ತು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ಆಗಿನ ಗುಲಬರ್ಗಾವೂ ಒಂದು. ಹತ್ತು ಅಡಿ ಅಗಲದ ಆ ಛತ್ರಿಗಳು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯವು! ಆಮೇಲೆ 1977ರಲ್ಲಿ ಇಲ್ಲಿ ದೂರದರ್ಶನ ಕೇಂದ್ರ ಬಂತು, ಬೆಂಗಳೂರಿಗಿಂತ ಮೊದಲೇ.

ವೈರ್ ಮತ್ತು ಆ ಚಿಕ್ಕ ಪಿನ್

ಅತಿ ಜಾಸ್ತಿ ತೊಂದರೆ ಬರುವುದು ಇಲ್ಲೇ, ಯಾರೂ ಗಮನ ಕೊಡದಿರುವುದೂ ಇಲ್ಲೇ. ಆರ್‌ಜಿ-6 ಕೇಬಲ್ ತಗೊಳ್ಳಿ. ಅಂಗಡಿಯಲ್ಲಿ ನಡುವಿನ ತಂತಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. 15, 20 ಮೀಟರ್‌ಗೆ ಅದೂ ನಡೆಯುತ್ತದೆ, ಆದರೆ ಉದ್ದ ಜಾಸ್ತಿ ಇದ್ದರೆ ಎಲ್‌ಎನ್‌ಬಿಗೆ ಹೋಗುವ ವೋಲ್ಟೇಜ್ ದಾರಿಯಲ್ಲೇ ಸೊರಗುತ್ತದೆ, ಆಗ ಪೂರ್ತಿ ತಾಮ್ರದ್ದೇ ಬೇಕು. ಈ ಒಂದೇ ವೈರ್‌ನಲ್ಲಿ ಸಿಗ್ನಲ್ ಕೆಳಗೆ ಬರುತ್ತದೆ, ಕರೆಂಟ್ ಮೇಲೆ ಹೋಗುತ್ತದೆ: ಸಿಗ್ನಲ್ ಅಲೆ ನೆಟ್ಟಗೆ ಬರುವ ವರ್ಟಿಕಲ್ ಚಾನೆಲ್‌ಗಳಿಗೆ 13 ವೋಲ್ಟ್, ಅಡ್ಡಡ್ಡ ಬರುವ ಹಾರಿಜಾಂಟಲ್‌ಗೆ 18. ನಡುವೆ ಎಲ್ಲೂ ಜೋಡಣೆ ಬೇಡ, ಒಂದೇ ತುಂಡು ಇಳಿಸಿ.

ಎಫ್ ಕನೆಕ್ಟರ್, ಅಂದರೆ ವೈರ್ ತುದಿಯ ಆ ಚಿಕ್ಕ ಪಿನ್, ಹಾಕುವುದನ್ನು ಸ್ವಂತ ಕೈಯಿಂದ ಕಲಿಯಿರಿ, ಐದು ನಿಮಿಷದ ಕೆಲಸ. ಹೊರಗಿನ ಕರಿ ರಬ್ಬರನ್ನು ತುದಿಯಿಂದ ಒಂದೂವರೆ ಸೆಂಟಿಮೀಟರ್‌ನಷ್ಟು ಬ್ಲೇಡಿನಿಂದ ಸುತ್ತ ಕೊಯ್ದು ತೆಗೆಯಿರಿ. ಕೆಳಗೆ ಹೆಣೆದ ಸಣ್ಣ ಸಣ್ಣ ತಂತಿಗಳು ಇರುತ್ತವೆ, ಜಡೆ ಬಿಚ್ಚಿದ ಹಾಗೆ ಎಲ್ಲವನ್ನೂ ಹಿಂದಕ್ಕೆ ಮಡಚಿ ರಬ್ಬರಿನ ಮೇಲೆ ಸವರಿ. ಆಮೇಲೆ ಬೆಳ್ಳಿ ಬಣ್ಣದ ಹಾಳೆ, ಅದರೊಳಗೆ ಬಿಳಿ ಫೋಮ್. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಫೋಮ್ ಕೊಯ್ದು ನಡುವಿನ ತಂತಿ ಹೊರಗೆ ಬಿಡಿ. ಈಗ ನಿಲ್ಲಿ, ಬೆಳಕಿಗೆ ಹಿಡಿದು ನೋಡಿ. ಹೆಣೆದ ತಂತಿಯ ಒಂದೇ ಒಂದು ಎಳೆ, ಕೂದಲಿನಷ್ಟು ತೆಳ್ಳಗಿನದ್ದು, ನಡುವಿನ ತಂತಿಗೆ ತಾಗಿದ್ದರೂ ಶಾರ್ಟ್. ಟ್ಯೂನರ್ ಒಳಗೆ ರಕ್ಷಣೆ ಇದ್ದರೆ ಬಚಾವ್, ಇಲ್ಲದಿದ್ದರೆ ಸುಟ್ಟ ವಾಸನೆ. ನನ್ನ ಎರಡನೇ ಟ್ಯೂನರ್ ಹೋದದ್ದು ಹೀಗೇ, ಅದಕ್ಕೆ ನಾನೇ ಹೊಣೆ. ಸರಿ ಇದ್ದರೆ ಕನೆಕ್ಟರ್ ತಿರುಗಿಸಿ ಏರಿಸಿ, ನಡುವಿನ ತಂತಿ ಅದರ ಬಾಯಿಗಿಂತ ಅಕ್ಕಿಕಾಳಿನ ಅರ್ಧದಷ್ಟು ಮುಂದೆ ಬಂದಿರಲಿ. ಮಾಳಿಗೆಯ ತುದಿಗೆ ರಬ್ಬರ್ ಟೋಪಿ ಹಾಕಿ, ಟೇಪ್ ಸುತ್ತಿ, ವೈರನ್ನು ಎಲ್‌ಎನ್‌ಬಿಯಿಂದ ಸ್ವಲ್ಪ ಜೋತು ಬಿಟ್ಟು ತನ್ನಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಇಳಿಯಲ್ಲ.

ಸಿಡಿಲಿನ ವಿಷಯ ಹಗುರ ಮಾಡಬೇಡಿ. ಛತ್ರಿಯ ಪೈಪಿಗೆ ಅರ್ಥಿಂಗ್ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುವ ಮೊದಲೇ ವೈರ್ ಬಿಚ್ಚಿಡುವುದು ಇನ್ನೂ ಒಳ್ಳೆಯದು. ಗುಡುಗು ಶುರುವಾದ ಮೇಲೆ ಮುಟ್ಟಲೇಬೇಡಿ.

ಟ್ಯೂನರ್

ಡಬ್ಬಿಯ ಮೇಲೆ ಡಿವಿಬಿ-ಎಸ್2 ಅಂತ ಇರಲೇಬೇಕು. ಬರೀ ಎಸ್ ಅಂತ ಇದ್ದರೆ ಹಳೆಯ ಬಗೆಯ ಚಾನೆಲ್ ಮಾತ್ರ ಬರುತ್ತವೆ. ಟಿ ಅಂತ ಇದ್ದರೆ ನನ್ನ ಕಪಾಟು ನೆನಪಿಸಿಕೊಳ್ಳಿ. ಸಿ ಅಂತ ಇದ್ದರೆ ಅದು ಕೇಬಲ್‌ನವರದ್ದು.

ಎರಡನೇ ಪ್ರಶ್ನೆ, ಯುಎಸ್‌ಬಿನಾ ಅಥವಾ ಕಂಪ್ಯೂಟರ್ ಒಳಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಾ? ದೊಡ್ಡ ಡಬ್ಬದ ಹಳೆಯ ಕಂಪ್ಯೂಟರ್ ಇದ್ದರೆ ಕಾರ್ಡ್ ಹಾಕಿ, ವರ್ಷಗಟ್ಟಲೆ ತಂಟೆ ಇರಲ್ಲ. ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಚಿಕ್ಕ ಕಂಪ್ಯೂಟರ್) ಆದರೆ ಯುಎಸ್‌ಬಿ ಒಂದೇ ದಾರಿ. ಯುಎಸ್‌ಬಿಯಲ್ಲಿ ತನ್ನದೇ ಅಡಾಪ್ಟರ್ ಇರುವುದನ್ನೇ ಆರಿಸಿ. ಎಲ್‌ಎನ್‌ಬಿಗೆ 13, 18 ವೋಲ್ಟ್ ಕೊಡಬೇಕಲ್ಲ, ಅದನ್ನೂ ಯುಎಸ್‌ಬಿಯ 5 ವೋಲ್ಟ್‌ನಿಂದಲೇ ಹಿಂಡಿ ತೆಗೆಯುವ ಟ್ಯೂನರ್ ಪೈಗೆ ಹಾಕಿದರೆ ಪೈ ಉಸಿರುಗಟ್ಟಿ ರೀಸ್ಟಾರ್ಟ್ ಆಗ್ತಾ ಇರುತ್ತದೆ. ಪೈ 4ರ ನಾಲ್ಕೂ ಯುಎಸ್‌ಬಿ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ, ಅದರಲ್ಲೇ ಹಾರ್ಡ್‌ಡಿಸ್ಕೂ ಬದುಕಬೇಕು.

ಮೂರನೆಯದ್ದು, ನನ್ನ ಪ್ರಕಾರ ಇದೇ ದೊಡ್ಡದು: ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಹಾಕುವ ಪುಕ್ಕಟೆ ಸಿಸ್ಟಮ್, ಕೊನೆಗೆ ನಾನು ಹೇಳುವ ಸಾಫ್ಟ್‌ವೇರ್ ನಡೆಯುವುದು ಅದರಲ್ಲೇ) ಡ್ರೈವರ್, ಅಂದರೆ ಟ್ಯೂನರನ್ನು ನಡೆಸುವ ಪ್ರೋಗ್ರಾಂ, ಇದೆಯಾ? ಕೊಳ್ಳುವ ಮೊದಲು ಟ್ಯೂನರ್‌ನ ಹೆಸರಷ್ಟೇ ಅಲ್ಲ, ಮಾಡೆಲ್ ಸಂಖ್ಯೆಯನ್ನು ಬಾಲದ ಅಕ್ಷರ ಸಮೇತ ಹಾಕಿ ಹುಡುಕಿ. ಒಂದೇ ಹೆಸರಿನಲ್ಲಿ ಒಳಗಿನ ಚಿಪ್ ಬದಲಾಗಿರುತ್ತದೆ. ಟಿಬಿಎಸ್, ಹಾಪೇಜ್ ಹೆಸರುಗಳು ಹುಡುಕಿದಾಗ ಹೆಚ್ಚು ಸಿಗುತ್ತವೆ. ಟಿಬಿಎಸ್‌ನ ಕೆಲವು ಮಾಡೆಲ್‌ಗಳಿಗೆ ಅವರದೇ ಡ್ರೈವರ್ ಕಟ್ಟಿಕೊಳ್ಳಬೇಕು, ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಟ್ಟಬೇಕು. ಆ ತಾಳ್ಮೆ ಇಲ್ಲದವರು ಕರ್ನಲ್‌ನಲ್ಲೇ ಬೆಂಬಲ ಇರುವುದನ್ನು ಆರಿಸಿ. ಬಹಳಷ್ಟು ಟ್ಯೂನರ್‌ಗಳಿಗೆ ಫರ್ಮ್‌ವೇರ್ ಅನ್ನೋ ಚಿಕ್ಕ ಫೈಲ್ ಕೂಡ ಬೇಕು. ಟ್ಯೂನರ್ ಸಿಕ್ಕಿಸಿದ ಮೇಲೆ ಕರ್ನಲ್ ಲಾಗ್‌ನಲ್ಲಿ ಅದು ಯಾವ ಫೈಲ್ ಕೇಳಿ ಸಿಗದೆ ಹೋಯಿತು ಅಂತ ಹೆಸರು ಸಮೇತ ಬರೆದಿರುತ್ತದೆ, ಅದನ್ನು ತಂದು ಫರ್ಮ್‌ವೇರ್ ಫೋಲ್ಡರ್‌ಗೆ ಹಾಕಿ ರೀಸ್ಟಾರ್ಟ್ ಮಾಡಿದರೆ ಆಯ್ತು.

ಎಷ್ಟು ಟ್ಯೂನರ್ ಬೇಕು? ನಾಲ್ಕು ಚಾನೆಲ್‌ಗೆ ನಾಲ್ಕು ಬೇಕು ಅಂದುಕೊಳ್ತಾರೆ. ಹಾಗಲ್ಲ. ಒಂದು ಟ್ರಾನ್ಸ್‌ಪಾಂಡರ್ ಅಂದರೆ ಒಂದು ಬಸ್ಸು, ಅದರೊಳಗೆ ಹತ್ತಾರು ಚಾನೆಲ್‌ಗಳು ಕೂತು ಬರುತ್ತವೆ. ಟ್ಯೂನರ್ ನಿಲ್ಲಿಸುವುದು ಬಸ್ಸನ್ನು. ಒಂದೇ ಬಸ್ಸಿನ ಮೂರು ಚಾನೆಲ್‌ಗಳನ್ನು ಒಂದೇ ಟ್ಯೂನರ್‌ನಿಂದ ಮೂರು ಕೋಣೆಯಲ್ಲಿ ನೋಡಬಹುದು. ಬೇರೆ ಬಸ್ಸಿನ ಚಾನೆಲ್ ಅದೇ ಹೊತ್ತಿಗೆ ಬೇಕಾದರೆ ಮಾತ್ರ ಎರಡನೇ ಟ್ಯೂನರ್. ಮನೆಗೆ ಎರಡು ಧಾರಾಳ.

ಕಂಪ್ಯೂಟರ್

ಇದಕ್ಕೆ ದುಬಾರಿ ಯಂತ್ರ ಬೇಡವೇ ಬೇಡ. ಬಂದ ಸಿಗ್ನಲ್ಲನ್ನು ಹಾಗೇ ಡಿಸ್ಕ್‌ಗೆ ಬರೆಯುವುದು, ನೆಟ್‌ವರ್ಕ್‌ನಲ್ಲಿ ಕಳಿಸುವುದು ಅಷ್ಟೇ ಕೆಲಸ. ಸ್ಕ್ರೀನ್ ಒಡೆದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಅದು ನಿಲ್ಲಲ್ಲ. ಪೈ 4 ಚೆನ್ನಾಗಿ ನಡೆಯುತ್ತದೆ. ಪೈ 3 ಮತ್ತು ಹಿಂದಿನವುಗಳಲ್ಲಿ ಎಂಪೆಗ್-2 (ಹಳೆಯ ವಿಡಿಯೋ ಬಗೆ) ಚಿತ್ರವನ್ನು ಚಿಪ್‌ನಿಂದ ಬಿಡಿಸಲು ಬೇರೆ ದುಡ್ಡು ಕೊಟ್ಟು ಕೀ ಕೊಳ್ಳಬೇಕಿತ್ತು, 4ರಲ್ಲಿ ಪ್ರೊಸೆಸರೇ ಅದನ್ನು ಸಲೀಸಾಗಿ ಮಾಡುತ್ತದೆ.

ನಮ್ಮ ಊರಿಗೆ ಬೇಕಾದ ಎರಡು ಮಾತು. ಒಂದು ಸೆಕೆ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇರುವಾಗ ಟಿವಿಯ ಬೆನ್ನಿಗೆ ಮುಚ್ಚಿದ ಡಬ್ಬಿಯಲ್ಲಿ ಪೈ ಇಟ್ಟರೆ ಅದು 80 ಡಿಗ್ರಿ ಮುಟ್ಟಿ ತಾನೇ ನಿಧಾನ ಆಗುತ್ತದೆ. ಫ್ಯಾನ್ ಇರುವ ಡಬ್ಬಿ ಹಾಕಿ, ಗಾಳಿ ಆಡುವ ಕಡೆ ಇಡಿ. ಇನ್ನೊಂದು ಕರೆಂಟ್. ಬರೆಯುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತದೆ. ಎಸ್‌ಎಸ್‌ಡಿಯಿಂದ ನಡೆಸಿ, ಇನ್ವರ್ಟರ್ ಲೈನ್‌ಗೆ ಜೋಡಿಸಿ. ಸಾದಾ ಚಾನೆಲ್ ಗಂಟೆಗೆ ಸುಮಾರು ಒಂದೂವರೆಯಿಂದ ಎರಡು ಜಿಬಿ ತಿನ್ನುತ್ತದೆ, ಅದರ ಮೇಲೆ ಡಿಸ್ಕ್ ಎಷ್ಟು ದೊಡ್ಡದು ಬೇಕು ಅಂತ ನೀವೇ ಲೆಕ್ಕ ಹಾಕಿ.

ಕೊನೆಗೆ ಸಾಫ್ಟ್‌ವೇರ್

ನನ್ನ ಆಯ್ಕೆ ಟಿವಿಹೆಡೆಂಡ್. ಪುಕ್ಕಟೆ, ಲಿನಕ್ಸ್‌ನಲ್ಲಿ ನಡೆಯುತ್ತದೆ, ಬ್ರೌಸರ್‌ನಿಂದಲೇ ಎಲ್ಲ ಮಾಡಬಹುದು. ವಿಡಿಆರ್, ಮಿಥ್‌ಟಿವಿ ಕೂಡ ಇವೆ, ಹಳೆಯ ಗಟ್ಟಿ ಆಳುಗಳು, ಆದರೆ ಹೊಸದಾಗಿ ಶುರು ಮಾಡುವವರಿಗೆ ಹೇಳಲ್ಲ. ವಿಂಡೋಸ್ ಬಿಡಲ್ಲ ಅನ್ನುವವರಿಗೆ ನೆಕ್ಸ್ಟ್‌ಪಿವಿಆರ್ ಪುಕ್ಕಟೆ, ಡಿವಿಬಿವ್ಯೂವರ್ ದುಡ್ಡಿನದ್ದು. ಲಿನಕ್ಸ್ ಮುಟ್ಟಿಯೇ ಗೊತ್ತಿಲ್ಲದವರು ಪೈಗೆ ಲಿಬ್ರೆಎಲೆಕ್ ಹಾಕಿ, ಅದರೊಳಗೆ ಕೋಡಿ ಅನ್ನೋ ಟಿವಿ ನೋಡುವ ಪ್ರೋಗ್ರಾಂ ಇರುತ್ತದೆ, ಟಿವಿಹೆಡೆಂಡ್‌ನ್ನು ಆಡ್‌ಆನ್ ಆಗಿ ಸೇರಿಸಬಹುದು.

ಟಿವಿಹೆಡೆಂಡ್ ಹಾಕಿದ ಮೇಲೆ ಬ್ರೌಸರ್‌ನಲ್ಲಿ ಆ ಯಂತ್ರದ ವಿಳಾಸ, ಮುಂದೆ 9981 ಪೋರ್ಟ್. ಮೊದಲು ನೆಟ್‌ವರ್ಕ್ ಮಾಡಿ, ಬಗೆ ಡಿವಿಬಿ-ಎಸ್, ಜಾಗ 93.5 ಪೂರ್ವ. ನಂತರ ಟ್ಯೂನರ್ ಹೆಸರಿನ ಮೇಲೆ ಒತ್ತಿ ಚಾಲೂ ಮಾಡಿ, ಎಲ್‌ಎನ್‌ಬಿ ಬಗೆಯನ್ನು ಯೂನಿವರ್ಸಲ್ ಅಂತ ಆರಿಸಿ, ನೆಟ್‌ವರ್ಕ್ ಜೋಡಿಸಿ. ಆಮೇಲೆ ಒಂದು ಮಕ್ಸ್ ಕೈಯಿಂದ ಸೇರಿಸಬೇಕು, ಮಕ್ಸ್ ಅಂದರೆ ಮೇಲೆ ಹೇಳಿದ ಬಸ್ಸು. 11090 ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ, ಬರದಿದ್ದರೆ 11170 ಅದೇ ರೇಟ್‌ನಲ್ಲಿ. ಇಲ್ಲಿ ಎಲ್ಲರೂ ಬೀಳುವ ಗುಂಡಿ ಏನೆಂದರೆ, ಟಿವಿಹೆಡೆಂಡ್ ಫ್ರೀಕ್ವೆನ್ಸಿಯನ್ನು ಕಿಲೋಹರ್ಟ್ಸ್‌ನಲ್ಲಿ ಕೇಳುತ್ತದೆ, ಸಿಂಬಲ್ ರೇಟನ್ನು ಬಿಡಿ ಅಂಕಿಯಲ್ಲಿ. ಅಂದರೆ 11090000 ಮತ್ತು 29500000. ಮೂರು ಸೊನ್ನೆ ಬಿಟ್ಟು ನಾನು ಒಂದು ಸಂಜೆಯೆಲ್ಲ ಮಾಳಿಗೆ ಹತ್ತಿ ಇಳಿದು ಮಾಡಿದೆ, ಛತ್ರಿಯದ್ದೇ ತಪ್ಪು ಅಂದುಕೊಂಡು. ಕೆಳಗಿನಿಂದ ಅವ್ವ ಕೂಗ್ತಾ ಇದ್ದಳು, "ಬರ್ಲತ್ತದೇನೋ ತಮ್ಮಾ?" ಬರಲಿಲ್ಲ. ಎಸ್ ಬಗೆಯಲ್ಲಿ ಸಿಗದಿದ್ದರೆ ಎಸ್2 ಮಾಡಿ ನೋಡಿ. ಒಂದು ಮಕ್ಸ್ ಸಿಕ್ಕರೆ ಸಾಮಾನ್ಯವಾಗಿ ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ. ಸ್ಕ್ಯಾನ್ ಮುಗಿದ ಮೇಲೆ ಸರ್ವಿಸ್‌ಗಳನ್ನು ಚಾನೆಲ್‌ಗೆ ಮ್ಯಾಪ್ ಮಾಡಿ, ಬೀಗ ಇರುವವನ್ನು ಬಿಡಿ.

ನೋಡೋಕೆ ಕೋಡಿ. ಆಂಡ್ರಾಯ್ಡ್ ಟಿವಿಯಲ್ಲೂ ಸಿಗುತ್ತದೆ, ಅದರಲ್ಲಿ ಟಿವಿಹೆಡೆಂಡ್ ಎಚ್‌ಟಿಎಸ್‌ಪಿ ಕ್ಲೈಂಟ್ ಅನ್ನೋ ಆಡ್‌ಆನ್ ಹಾಕಿ ಯಂತ್ರದ ವಿಳಾಸ ಕೊಡಿ, ಪೋರ್ಟ್ 9982. ಫೋನ್‌ನಲ್ಲಿ ವಿಎಲ್‌ಸಿ ಸಾಕು. ವೈಫೈನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದರೆ ಡಿಶ್‌ಗೆ ಬೈಯುವ ಮೊದಲು ಒಂದು ನೆಟ್‌ವರ್ಕ್ ಕೇಬಲ್ ಎಳೆದು ನೋಡಿ. ರೆಕಾರ್ಡಿಂಗ್‌ಗೆ ಹಿಂದೆ ಐದು, ಮುಂದೆ ಹತ್ತು ನಿಮಿಷ ಜಾಸ್ತಿ ಇಡಿ, ಕಾರ್ಯಕ್ರಮಗಳು ಹೇಳಿದ ಹೊತ್ತಿಗೆ ಮುಗಿಯಲ್ಲ. ಮನೆಯವರಿಗೆ ಕೊಡುವ ಮೊದಲು ಚಾನೆಲ್ ಪಟ್ಟಿಯನ್ನು ಕತ್ತರಿಸಿ. ಅವ್ವನಿಗೆ ನಾನು ಎಂಟೇ ಚಾನೆಲ್ ಇಟ್ಟಿದ್ದೀನಿ, ಚಂದನ ಒಂದನೇ ನಂಬರ್. ಮೊದಲು ನೂರು ಇದ್ದಾಗ ಅವಳು ಹಳೆಯ ಬಾಕ್ಸೇ ಹಾಕಿಕೊಡು ಅಂದಿದ್ದಳು.

ಇನ್ನೊಂದು ಕೆಲಸ ವರ್ಷಕ್ಕೊಮ್ಮೆ ಬರುತ್ತದೆ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗವನ್ನು ಇ-ಹರಾಜಿನಲ್ಲಿ ಕೊಡ್ತಾರೆ, ಸಾಮಾನ್ಯವಾಗಿ ಏಪ್ರಿಲ್ ಒಂದರಿಂದ ಹೊಸ ಪಟ್ಟಿ ಶುರು. ಆ ವಾರ ಯಾವುದೋ ಚಾನೆಲ್ ಮಾಯ ಆಗಿರುತ್ತದೆ, ಇನ್ಯಾವುದೋ ಬಂದಿರುತ್ತದೆ. ಮಾಳಿಗೆ ಹತ್ತಬೇಡಿ. ಮಕ್ಸ್‌ಗಳನ್ನೆಲ್ಲ ಆರಿಸಿ ಮತ್ತೆ ಸ್ಕ್ಯಾನ್‌ಗೆ ಹಾಕಿ, ಹೊಸ ಸರ್ವಿಸ್ ಮ್ಯಾಪ್ ಮಾಡಿ, ಸತ್ತವನ್ನು ಅಳಿಸಿ. ಕೂತಲ್ಲೇ ಹತ್ತು ನಿಮಿಷ.